ಮಾತಿನ ಪಕ್ಕದ ಗಡ್ಡೆ

ಬಸ್ ನಿಲ್ದಾಣದ ಎದುರು ಹೊಲಿಗೆ ಅಂಗಡಿ ಇಟ್ಟಿದ್ದ ಆ ಹೆಂಗಸನ್ನು ಬೀದಿಯವರೆಲ್ಲ ರೇಡಿಯೋ ಅಕ್ಕ ಎನ್ನುತ್ತಿದ್ದರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರೂ ಮಾತು ನಿಲ್ಲುತ್ತಿರಲಿಲ್ಲ. ಅವಳು ಮದುವೆಯ ಗೋಜಿಗೆ ಹೋದವಳಲ್ಲ. ಕಣ್ಣು ಕಾಣದ ತಾಯಿಯನ್ನು ಮಗ್ಗುಲಲ್ಲೇ ಕೂರಿಸಿಕೊಂಡು, ಹೋಗಿಬರುವವರ ಬಟ್ಟೆ, ನಡಿಗೆ, ಸಿಡುಕು ಮೋರೆ ಎಲ್ಲವನ್ನೂ ಆಕೆಗೆ ಬಣ್ಣಿಸುತ್ತ ಹೊಲಿಯುತ್ತಿದ್ದಳು.

ಒಂದು ಬೆಳಗ್ಗೆ, ಅಂಗಡಿಯಲ್ಲಿ ನೆರವಾಗುತ್ತಿದ್ದ ತಂಗಿಯತ್ತ ಕೈ ಚಾಚಿ, "ಅದು ಕೊಡೇ... ಅದು..." ಎಂದಳು. ಕತ್ತರಿ ಎಂಬ ಪದ ಬಾಯಿಗೆ ಬರಲಿಲ್ಲ.

"ರೇಡಿಯೋ ಕೆಟ್ಟೋಯ್ತಾ?" ತಂಗಿ ನಕ್ಕಳು. ಮರುವಾರ ಅಕ್ಕನಿಗೆ 'ಅಮ್ಮ' ಎನ್ನುವುದೇ ತೋಚದೆ ಹೋದಾಗ ಯಾರೂ ನಗಲಿಲ್ಲ.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದಾಗ ಮೆದುಳಿನ ಎಡಭಾಗದಲ್ಲಿ ಗಡ್ಡೆಯಿತ್ತು. ಅದು ಮಾತಿನ ಜಾಗಕ್ಕೆ ಎಷ್ಟು ಹತ್ತಿರವಿದೆ ಎಂದು ತಿಳಿಯಲು ಇನ್ನೊಂದು ಬಗೆಯ ಸ್ಕ್ಯಾನ್ ಮಾಡಿದರು. ಕೊಳವೆಯಂಥ ಯಂತ್ರದೊಳಗೆ ಮಲಗಿಸಿ, ಕಣ್ಣೆದುರಿನ ಕನ್ನಡಿಯಲ್ಲಿ ಚಿತ್ರಗಳನ್ನು ತೋರಿಸಿದರು. "ತುಟಿ ಆಡಿಸ್ಬೇಡಿ, ಹೆಸರನ್ನ ಮನಸ್ಸಲ್ಲೇ ಹೇಳ್ಕೊಳ್ಳಿ," ಎಂದರು ಡಾಕ್ಟರಮ್ಮ. ಬೀಗ. ಬಾಚಣಿಗೆ. ಕುದುರೆ. ಯಂತ್ರ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು.

"ಬಾಯಿ ಮುಚ್ಕೊಂಡು ಮಾತಾಡಿದ್ದು ಇದೇ ಮೊದಲು," ಎನ್ನುತ್ತ ಹೊರಬಂದಳು.

ಪರದೆಯ ಮೇಲೆ, ಹೆಸರು ಹುಡುಕುವಾಗ ಮೆದುಳು ದುಡಿದ ಜಾಗ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತಿತ್ತು. ಗಡ್ಡೆಯ ಒಂದು ಅಂಚು ಅದರೊಳಕ್ಕೇ ನುಗ್ಗಿತ್ತು.

"ಪೂರ್ತಿ ತೆಗೆದ್ರೆ ಆಯಸ್ಸು ಹೆಚ್ಚಬಹುದು, ಮಾತು ಉಳಿಯೋದು ಕಷ್ಟ. ಅಂಚು ಬಿಟ್ಟು ತೆಗೆದ್ರೆ ಮಾತು ಉಳೀಬಹುದು. ಆದ್ರೆ ಗಡ್ಡೆ ಮತ್ತೆ ಬೆಳೆಯುತ್ತೆ," ಎಂದರು ಡಾಕ್ಟರಮ್ಮ.

"ಮಾತು ಹೋದ್ರೆ ಹೋಗ್ಲಿ ಅಕ್ಕ, ನೀನಿದ್ರೆ ಸಾಕು," ತಂಗಿ ಅತ್ತಳು.

"ನಿಂಗೆ ನಾನು ಕಾಣ್ತೀನಿ ಕಣೇ. ಅಮ್ಮಂಗೆ?"

ಅಂಚು ಬಿಟ್ಟೇ ತೆಗೆದರು. ಪಟ್ಟಿ ಸುತ್ತಿದ ತಲೆಯನ್ನು ತಾಯಿ ತಡವಿ, "ಯಾರು?" ಎಂದಳು. ಮಗಳು ತುಟಿ ಆಡಿಸುತ್ತ ಪದ ಹುಡುಕಿದಳು. ಆಮೇಲೆ, "ನಾನಮ್ಮಾ."

ಅವಳ ಮಾತು ನಿಧಾನವಾಯಿತು, ತಡವರಿಸಿತು. ತಾಯಿ ಪ್ರತಿ ಪದಕ್ಕೂ ಕಾದಳು. ಕೆಲವು ವರ್ಷ ಹಾಗೆಯೇ ನಡೆಯಿತು. ಕೊನೆಗೊಂದು ಸಂಜೆ, ಮಗಳು ಬೀದಿಯ ಸುದ್ದಿ ಹೇಳುತ್ತಿರುವಾಗಲೇ ತಾಯಿ ತೀರಿಕೊಂಡಳು.

ಗಡ್ಡೆಯ ಬೆಳವಣಿಗೆಯನ್ನು ಅಭ್ಯಾಸ ಮಾಡುತ್ತಿದ್ದ ಡಾಕ್ಟರುಗಳಿಗಾಗಿ ಅವಳು ಆಗಾಗ ಸ್ಕ್ಯಾನಿಗೆ ಹೋಗುತ್ತಿದ್ದಳು. "ಇನ್ನೊಬ್ರಿಗೆ ಉಪಯೋಗ ಆಗ್ಲಿ," ಎನ್ನುತ್ತಿದ್ದಳು. ಕಡೆಯ ಸಲ ಒಂದು ಚಿತ್ರಕ್ಕೂ ಹೆಸರು ಸಿಗದೆ, ಕೈಗೆ ಕೊಟ್ಟಿದ್ದ ಕರೆಗಂಟೆ ಒತ್ತಿದಳು. ಡಾಕ್ಟರಮ್ಮ ಯಂತ್ರ ನಿಲ್ಲಿಸಿ ಒಳಗೆ ಬಂದು ಅವಳ ಕೈ ಹಿಡಿದುಕೊಂಡರು.

ಮನೆಗೆ ಬಂದ ಮೇಲೆ ತಂಗಿ ಕೇಳಿದಳು, "ಅವತ್ತು ಪೂರ್ತಿ ತೆಗೆಸ್ಬೇಕಿತ್ತಾ ಅಕ್ಕ?"

ಅವಳು ಇಲ್ಲವೆಂದು ತಲೆಯಾಡಿಸಿ, ತಂಗಿಯ ಕೆನ್ನೆ ಒರೆಸಿದಳು. ಚಳಿಗಾಲ ಮುಗಿಯುವ ಮುನ್ನ ನಿದ್ದೆಯಲ್ಲೇ ಹೋದಳು.