ಪ್ರಿಯಾಂಕಾಳ ಮನೆಗೆ ಬಾರದ ವರಗಳು

ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯ ಲ್ಯಾಬಿಗೆ ನಾನೂ ಪ್ರಿಯಾಂಕಾಳೂ ಒಂದೇ ದಿನ ಸೇರಿದೆವು. ಇಬ್ಬರದೂ ಬಿಎಸ್ಸಿ, ಇಬ್ಬರಿಗೂ ಇಪ್ಪತ್ತಮೂರು. ಒದ್ದೆ ಕಾಗದದಲ್ಲಿ ಸುತ್ತಿಟ್ಟ ಮೆಣಸಿನಕಾಯಿ ಬೀಜಗಳಲ್ಲಿ ಎಷ್ಟು ಮೊಳೆತಿವೆ ಎಂದು ನೋಡುವುದು ನಮ್ಮ ಕೆಲಸ. ಅವಳು ಮೊಳಕೆಯ ಬಣ್ಣ ನೋಡಿಯೇ ಬೀಜ ಹಳೆಯದೆಂದು ಹೇಳಿಬಿಡುತ್ತಿದ್ದಳು.

ನನ್ನ ತವರು ಬ್ಯಾಡಗಿ, ಹೊಲಮನೆ ಇದ್ದವರು. ನಮ್ಮ ಜನರಲ್ಲಿ ಒಕ್ಕಲುತನದ ಗಂಡುಗಳಿಗೆ ಹೆಣ್ಣು ಸಿಗುವುದೇ ಕಷ್ಟವಾಗಿತ್ತು. ಒಂದೇ ವರ್ಷದಲ್ಲಿ ಹನ್ನೊಂದು ಮಂದಿ ನನ್ನನ್ನು ನೋಡಿ ಹೋದರು. ಪ್ರಿಯಾಂಕಾ ಕದರಮಂಡಲಗಿ ಕಡೆಯವಳು. ಅವರ ಕೇರಿ ಊರಿನಾಚೆ. ಅಲ್ಲಿ ಎಲ್ಲ ತಿರುವುಮುರುವು. ಹುಡುಗಿಯರು ಹಾಸ್ಟೆಲಿನಲ್ಲಿದ್ದು ಡಿಗ್ರಿ ಮುಗಿಸಿದ್ದರು. ಹುಡುಗರು ಎಸ್ಸೆಸ್ಸೆಲ್ಸಿಗೇ ಶಾಲೆ ಬಿಟ್ಟು ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಗೋವಾ ಸೇರಿದ್ದರು. ಖಾಯಂ ನೌಕರಿಯ ಹುಡುಗನೊಬ್ಬನಿದ್ದರೆ ಅವನ ಬಾಗಿಲಲ್ಲಿ ಹತ್ತು ಹೆಣ್ಣಿನವರು.

“ಶ್ರೀದೇವಿ, ನಿನಗ ಬರಾವ್ರ ಕಾಟ, ನನಗ ಬರಾವ್ರ ಇಲ್ಲ,” ಎಂದು ನಗುತ್ತಿದ್ದಳು.

ನನ್ನ ಮದುವೆಯಾಯಿತು. “ನಮ್ಮನಿ ಸೊಸಿ ದುಡಿಯೂದೇನ ಬ್ಯಾಡವ್ವಾ,” ಎಂದು ಅತ್ತೆ ನಯವಾಗಿಯೇ ಹೇಳಿದರು. ನಾನೂ ನಯವಾಗಿಯೇ ಕೆಲಸ ಬಿಟ್ಟೆ.

ಪ್ರಿಯಾಂಕಾಳನ್ನು ಕಂಪನಿ ಹೊಲ ತಪಾಸಣೆಗೆ ಹಾಕಿತು. ಬೀಜಕ್ಕಾಗಿ ಮೆಣಸಿನಕಾಯಿ ಬೆಳೆಯುತ್ತಿದ್ದ ನನ್ನ ಅಣ್ಣ ಸಿದ್ದಲಿಂಗೇಶನ ಹೊಲಕ್ಕೆ ವಾರಕ್ಕೊಮ್ಮೆ ಬರುತ್ತಿದ್ದಳು. ಅಣ್ಣನಿಗೆ ಮೂವತ್ತಾರು, ಹೆಣ್ಣು ನೋಡಿ ನೋಡಿ ಸೋತಿದ್ದ. ಎರಡನೇ ಹಂಗಾಮಿನ ಹೊತ್ತಿಗೆ ಅವನೇ ಅವಳನ್ನು ಮದುವೆಗೆ ಕೇಳಿದನಂತೆ.

“ಮೊದಲ ನಿಮ್ಮಪ್ಪಗ ಹೇಳ್ರಿ. ಓಡಿ ಹೋಗಾಕ ನಾ ಬರಾಂಗಿಲ್ಲ,” ಎಂದಳಂತೆ ಅವಳು.

ಅಣ್ಣ ಹೇಳಿದ. ಆ ದಿನ ನಾನೂ ತವರಿನಲ್ಲಿದ್ದೆ. ಅಪ್ಪ ಊಟದಿಂದ ಎದ್ದುಬಿಟ್ಟ. ಅಣ್ಣ ನನ್ನ ಮುಖ ನೋಡಿದ. ನಾನು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದೆ.

ನಾಲ್ಕು ತಿಂಗಳಿಗೆ, ದಲ್ಲಾಳಿಯೊಬ್ಬನ ಮೂಲಕ, ಉತ್ತರದ ಯಾವುದೋ ರಾಜ್ಯದಿಂದ ಅಣ್ಣನಿಗೆ ಹೆಂಡತಿ ಬಂದಳು. ಕನ್ನಡ ಬಾರದ, ಸೌಮ್ಯ ಹುಡುಗಿ. ಬೇರೆಯವರ ಬಾಯಿಂದ ತಿಳಿಯುವುದು ಬೇಡವೆಂದು ನಾನೇ ಪ್ರಿಯಾಂಕಾಳಿಗೆ ಫೋನ್ ಮಾಡಿದೆ.

“ಆಕಿ ಯಾರ ಪೈಕಿ?” ಎಂದಳು.

“ಗೊತ್ತಿಲ್ಲ.”

“ಕೇಳಲಿಲ್ಲೇನು?”

“ಯಾರೂ ಕೇಳಲಿಲ್ಲ.”

ಆ ಕಡೆಯ ಬಸ್‌ಸ್ಟ್ಯಾಂಡಿನ ಗದ್ದಲದ ನಡುವೆ, “ದೂರದಿಂದ ಬಂದ್ರ ಜಾತಿ ಹಾದ್ಯಾಗ ಬಿದ್ದು ಹೋಗತೈತೇನ ಶ್ರೀದೇವಿ?” ಎಂದಳು. ಅವಳು ಉತ್ತರಕ್ಕಾಗಿ ಕೇಳಿದ್ದಲ್ಲ.

ಅಣ್ಣನ ಹೊಲದ ತಪಾಸಣೆಯನ್ನು ಅವಳು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಆ ವರ್ಷ ಬೆಳೆ ಚೆನ್ನಾಗಿತ್ತು. ಚೆನ್ನಾಗಿದೆ ಎಂದೇ ಬರೆದಳು. ಅಣ್ಣ ಬದುವಿನ ಮೇಲೆ ನಿಂತು ಅವಳ ಸ್ಕೂಟಿ ಹೋಗುವುದನ್ನು ನೋಡುತ್ತಿದ್ದನೆಂದು ಅವ್ವ ಹೇಳಿದಳು.

ಮೂವತ್ತಮೂರಕ್ಕೆ ಪ್ರಿಯಾಂಕಾ ಆಟೋ ಓಡಿಸುವ ಯಲ್ಲೇಶನನ್ನು ಮದುವೆಯಾದಳು. “ಇಷ್ಟು ಕಲಿತು ಪಿಯುಸಿ ಫೇಲಾದಂವನ್ನ ಮಾಡ್ಕೊಂತಾಳ,” ಎಂದು ತಾಯಿ ರೇಣುಕವ್ವ ಮುಖ ತಿರುಗಿಸಿದ್ದಳು. ನಾನು ಕೇಳಿದಾಗ ಪ್ರಿಯಾಂಕಾ ಅಂದಳು: “ಒಳ್ಳೆಯಾಂವ ಅದಾನ. ನಾ ತಡಾ ಆದ್ರ ರೊಟ್ಟಿ ಬಡೀತಾನ. ನೌಕರಿ ಬಿಡು ಅನ್ನಾಂಗಿಲ್ಲ. ಅನ್ನಾಕ ಬರೂದೂ ಇಲ್ಲ ಬಿಡು, ಮನಿ ನಡೀಬೇಕಲ್ಲ.” ಅದು ಸಂತೋಷವೋ ಬೇಸರವೋ, ಅವಳ ದನಿಯಿಂದ ತಿಳಿಯಲಿಲ್ಲ.

ಈಗ ಅವಳೇ ಲ್ಯಾಬಿನ ಮುಖ್ಯಸ್ಥೆ. ನನ್ನ ಮಗಳು ಶಾಲೆಗೆ ಹೋಗತೊಡಗಿದ್ದಾಳೆ. ಮೊನ್ನೆ ಧೈರ್ಯ ಮಾಡಿ ಪ್ರಿಯಾಂಕಾಳ ಬಳಿ ಕೆಲಸ ಕೇಳಲು ಹೋದೆ. ಚಹಾ ತರಿಸಿದಳು. ಹಳೆಯದನ್ನು ಎತ್ತಲಿಲ್ಲ. ಒಂದು ತಟ್ಟೆ ಮೊಳಕೆ ಮುಂದಿಟ್ಟು ಒಳ್ಳೆಯದು, ಕೆಟ್ಟದ್ದು ಬೇರೆ ಮಾಡಲು ಹೇಳಿದಳು. ನಾಲ್ಕು ತಪ್ಪಾದವು.

“ಕೈ ಮರತೈತಿ. ರೂಢಿ ಆಗತೈತಿ, ಸೋಮವಾರ ಬಾ,” ಎಂದಳು.

ಮನೆಯಲ್ಲಿ ನಾನಿನ್ನೂ ಹೇಳಿಲ್ಲ.