ಗುರುದತ್ತರ ಪಾರ್ಕಿಂಗ್ ಕೇಸು
ನ್ಯೂಜಿಲೆಂಡಿನ ಪೊರಿರುವಾ ಊರಿನ ಖಾಸಗಿ ಪಾರ್ಕಿಂಗಿನಲ್ಲಿ ಹೊತ್ತು ಮೀರಿ ಕಾರು ನಿಲ್ಲಿಸಿದರೆಂದು ಕಂಪನಿಯೊಂದು ದಾವೆ ಹಾಕಿದಂದಿನಿಂದ ಇಲ್ಲಿ ನೆಲೆಸಿರುವ ನಮ್ಮ ಮೈಸೂರಿನ ಎಂಜಿನಿಯರ್ ಗುರುದತ್ತರು ಎಂಜಿನಿಯರಾಗಿ ಉಳಿದಿಲ್ಲ, ಬ್ಯಾರಿಸ್ಟರಾಗಿದ್ದಾರೆ. ವಿಚಾರಣೆ ನಡೆಯುವ ಸಣ್ಣ ನ್ಯಾಯಮಂಡಳಿಗೆ ವಕೀಲರು ಬರುವಂತಿಲ್ಲ, ಅವರವರ ವಾದ ಅವರವರೇ ಮಾಡಬೇಕು. "ನನ್ನಂಥೋರಿಗೇಂತ್ಲೇ ಮಾಡಿರೋದು ಕಣ್ರೀ" ಎನ್ನುತ್ತಾರೆ ಗುರುದತ್ತರು. ಜೇಬಿನಲ್ಲಿ ಸದಾ ಅಳತೆಯ ಟೇಪು. ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಬೀದಿಯ ಬೋರ್ಡಿನ ಎತ್ತರ ಅಳೆದೇ ಒಳಗೆ ಕಾಲಿಡುತ್ತಾರೆ. "ಆ ಪಾರ್ಕಿಂಗಲ್ಲಿ ಟೈಮು ಬರೆದಿರೋ ಬೋರ್ಡಿಗೆ ಮರ ಅಡ್ಡ, ಅಕ್ಷರ ಇರುವೆ ಸಾಲು, ಯಾರಿಗ್ರೀ ಕಾಣ್ಸುತ್ತೆ? ಕಂಪನಿ ಕೇಸು ಬಿದ್ದೋಯ್ತು ಅಂದ್ಕೊಳ್ಳಿ" ಎಂದು ಪಾಯಸ ಬಡಿಸುವವರನ್ನೂ ನಿಲ್ಲಿಸಿ ವಾದಿಸುತ್ತಾರೆ. ಮನೆಯಲ್ಲಿ ಹೆಂಡತಿ ಕಾತ್ಯಾಯಿನಿಯೇ ನ್ಯಾಯಾಧೀಶೆ; ಸಾರು ಉಕ್ಕಿದರೆ ಮಾತ್ರ ಕಲಾಪ ಮುಂದೂಡಿಕೆ. ಬರುವ ಸೋಮವಾರ ವಿಚಾರಣೆ, ಸೋತರೆ ಇಷ್ಟು ದಿನ ಕೇಳಿಸಿಕೊಂಡ ನಾವೆಲ್ಲ ನಗುತ್ತೇವೆ. ಮೊನ್ನೆ ಕಾತ್ಯಾಯಿನಿ ಗುಟ್ಟು ಬಿಟ್ಟುಕೊಟ್ಟರು: ಕಾರು ನಿಲ್ಲಿಸಿದ ಆ ದಿನ ತಡವಾದದ್ದು, ತಲೆಸುತ್ತಿ ಕುಸಿದ ಗುರುತಿಲ್ಲದ ಅಜ್ಜಿಯೊಬ್ಬರ ಕೈಹಿಡಿದು, ಅವರ ಮಗಳು ಬರುವವರೆಗೆ ಇವರು ಕೂತಿದ್ದರಿಂದ. "ಅದನ್ನ ಹೇಳಿದ್ರೆ ಸಾಕಲ್ರೀ, ಗೆಲ್ತೀರಿ" ಎಂದೆ. ಪಕ್ಕದಲ್ಲೇ ಇದ್ದ ಗುರುದತ್ತರು ಟೇಪನ್ನು ಸುತ್ತಿ ಜೇಬಿಗಿಟ್ಟುಕೊಂಡು, ಮೊದಲ ಸಲ ಮೆಲ್ಲಗೆ ಮಾತಾಡಿದರು: "ಕೈ ಹಿಡ್ಕೊಂಡಿದ್ದಕ್ಕೂ ರಸೀದಿ ತೋರಿಸ್ಬೇಕೇನ್ರೀ? ಬೋರ್ಡು ಸಾಕು. ಗೆಲ್ತೀನಿ."