ಅಪ್ಪಣೆ ಕೊಡಬಾರದ ಡೈರೆಕ್ಟರು

ನಮ್ಮತ್ತೆ ಮೂವತ್ತನಾಲ್ಕು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ, ಕೊನೆಗೆ ಒಂದು ವಾರ್ಡಿಗೆ ಮುಖ್ಯಸ್ಥೆಯಾಗಿದ್ದವರು. ಅವರು ಬಾಗಿಲಲ್ಲಿ ಕಾಣಿಸಿಕೊಂಡರೆ ಕೆಮ್ಮುವವರೂ ಕೆಮ್ಮು ನುಂಗಿಕೊಳ್ಳುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಆ ವಾರ್ಡು ನಮ್ಮ ಮನೆಗೆ ಬಂತು. ರೋಗಿಗಳು ನಾವು ಮೂವರು: ಮಾವ, ನನ್ನ ಗಂಡ, ನಾನು. ಹೊದಿಕೆಯ ಮೂಲೆ ಹೇಗೆ ಮಡಿಸಬೇಕು, ಕಿಟಕಿ ಎಷ್ಟು ಹೊತ್ತಿಗೆ ತೆರೆಯಬೇಕು, ಮಾವ ಪೇಪರಿನ ಎಷ್ಟು ಪುಟ ಓದಬಹುದು, ಎಲ್ಲಕ್ಕೂ ಅಪ್ಪಣೆ. ಮದುವೆಯಾದ ಮೊದಲ ವರ್ಷ ನಾನು ಹಲ್ಲು ಕಚ್ಚಿಕೊಂಡು ಕಳೆದೆ. ಸುಳ್ಳು ಯಾಕೆ ಹೇಳಲಿ, ಎರಡನೆಯ ವರ್ಷವೂ ಹಾಗೇ ಕಳೆದೆ.

ಆಗ ಬಂತು ಆ ಪತ್ರ. ಆಸ್ಪತ್ರೆಯ ಮಂಚಗಳನ್ನು ತಯಾರಿಸುವ ಕಂಪನಿಯೊಂದರ ಅಧ್ಯಕ್ಷರು ಹಿಂದೆ ಕಾಲು ಮುರಿದುಕೊಂಡು ಅತ್ತೆಯ ವಾರ್ಡಿನಲ್ಲಿ ಮೂರು ವಾರ ಮಲಗಿದ್ದರು. ತಮ್ಮ ಆಡಳಿತ ಮಂಡಳಿಯ ಏಳು ಜನರಲ್ಲಿ ಒಬ್ಬರೂ ಜನ್ಮದಲ್ಲಿ ಒಬ್ಬ ರೋಗಿಯನ್ನು ಮಗ್ಗುಲಿಗೆ ತಿರುಗಿಸಿದವರಲ್ಲ, ನೀವು ಮೂರು ವರ್ಷ ಡೈರೆಕ್ಟರ್ ಆಗಿ ಬರಬೇಕು ಎಂದು ಬರೆದಿದ್ದರು. ಮಾವ ಪತ್ರವನ್ನು ಎರಡು ಸಲ ಓದಿ, ಮೀಟಿಂಗು ತಿಂಗಳಿಗೆಷ್ಟು ಸಲ ಇರುತ್ತೆ ಎಂದು ಆಸೆಯಿಂದ ಕೇಳಿದರು. ಮೂರು ತಿಂಗಳಿಗೊಮ್ಮೆ ಎಂದು ತಿಳಿದು ಅವರ ಮುಖ ಸಪ್ಪಗಾಯಿತು.

ಮೊದಲ ದಿನವೇ ಎಡವಟ್ಟಾಯಿತು. ಕಾರ್ಖಾನೆ ನೋಡಲು ಹೋದ ಅತ್ತೆಗೆ ಮಂಚದ ಚಕ್ರಗಳ ಬ್ರೇಕು ತಪ್ಪು ಕಡೆಗಿದೆ ಅನಿಸಿತು. "ಬಿಚ್ಚು" ಎಂದರು. ಎದುರಿಗಿದ್ದ ಫಿಟ್ಟರ್, ಡೈರೆಕ್ಟರೇ ಹೇಳಿದ ಮೇಲೆ ಇನ್ನೇನು ಎಂದು ಹನ್ನೊಂದು ಮಂಚಗಳ ಚಕ್ರ ಬಿಚ್ಚಿಹಾಕಿದ. ಸಂಜೆಯವರೆಗೂ ಕೆಲಸ ನಿಂತಿತು. ಆ ಕಂಪನಿಯನ್ನು ಒಂದು ಶೆಡ್ಡಿನಿಂದ ಕಟ್ಟಿ ಬೆಳೆಸಿದ ಎಂ.ಡಿ.ಯ ಮುಖ ಕೆಂಪಡರಿತು. ಅಧ್ಯಕ್ಷರು ಅತ್ತೆಯನ್ನು ಪಕ್ಕಕ್ಕೆ ಕರೆದರು.

"ಸಿಸ್ಟರ್, ಕಂಪನಿ ನಡೆಸೋಕೆ ಅವರಿದಾರೆ. ನೀವು ಹೊರಗಿನ ಡೈರೆಕ್ಟರು. ಎಷ್ಟು ಬೇಕಾದ್ರೂ ಪ್ರಶ್ನೆ ಕೇಳಿ. ಒಪ್ಪಿಗೆ ಆಗದಿದ್ರೆ ಮೀಟಿಂಗಲ್ಲಿ ಬೇಡ ಅನ್ನಿ. ಆದ್ರೆ ಕೆಲಸಕ್ಕೆ ಕೈ ಹಾಕಬೇಡಿ."

ಅತ್ತೆ ಮನೆಗೆ ಬಂದು ಮುಖ ಊದಿಸಿಕೊಂಡು ಕೂತರು. "ಬರೀ ಕೇಳಬೇಕಂತೆ. ಕೇಳೋದೂ ಒಂದು ಕೆಲಸವಾ?" ಆದರೆ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವ ಹೆಂಗಸಲ್ಲ ಅವರು. ಮರುದಿನ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು.

"ಕಿಟಕಿ ಮುಚ್ಚಿದೀಯ. ಅದಕ್ಕೇನಾದ್ರೂ ಕಾರಣ ಇದೆಯಾ?"

ನನ್ನ ಕೈಯಲ್ಲಿದ್ದ ಸೌಟು ಬೀಳುವುದೊಂದು ಬಾಕಿ. "ಗಾಳಿ ಬಂದ್ರೆ ಒಲೆ ಆರುತ್ತೆ ಅತ್ತೆ."

ಅವರು ಒಲೆಯನ್ನು ನೋಡಿದರು, ಕಿಟಕಿಯನ್ನು ನೋಡಿದರು. "ಸರಿಯಾದ ಕಾರಣ" ಎಂದು ಹೊರಟುಹೋದರು. ಎರಡು ವರ್ಷ ದಿನಾ ಅವರು ತೆರೆಸುತ್ತಿದ್ದ, ಅವರು ಅತ್ತ ಹೋದ ಕೂಡಲೇ ನಾನು ಮುಚ್ಚುತ್ತಿದ್ದ ಕಿಟಕಿ ಅದು. ಕಾರಣವನ್ನು ಅವರೂ ಕೇಳಿರಲಿಲ್ಲ, ನಾನೂ ಬಾಯಿಬಿಟ್ಟಿರಲಿಲ್ಲ. ಅವತ್ತಿನಿಂದ ನನಗೆ ಅತ್ತೆ ಇಷ್ಟವಾಗತೊಡಗಿದರು.

ಆಮೇಲೆ ಆ ಕೆಲಸ ಅವರಿಗೆ ಎಷ್ಟು ಹಿಡಿಸಿತೆಂದರೆ, ಮೀಟಿಂಗಿಗೆ ಹತ್ತು ದಿನ ಮುಂಚೆ ಬರುವ ದಪ್ಪ ಕಾಗದದ ಕಟ್ಟನ್ನು ಊಟದ ಮೇಜಿನ ತುಂಬ ಹರಡಿ, ಪೆನ್ಸಿಲ್ ಹಿಡಿದು ಓದುತ್ತಿದ್ದರು. ನಾವು ತಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೆವು. ಮಾವ ಒಮ್ಮೆ ಇಣುಕಿದ್ದಕ್ಕೆ ಪೆನ್ಸಿಲ್ಲಿನಿಂದ ಬೆರಳಿಗೆ ಏಟು ತಿಂದರು. ಮೀಟಿಂಗಿನ ಹಿಂದಿನ ದಿನ ಅತ್ತೆ ಚಪ್ಪಲಿಗೂ ಪಾಲಿಶ್ ಹಾಕುತ್ತಿದ್ದರು.

ಮೂರನೆಯ ವರ್ಷದ ಕೊನೆಯ ಮೀಟಿಂಗು. ಅತ್ತೆಗೆ ಇನ್ನೊಂದು ಅವಧಿ ಕೊಡಬೇಕೇ ಬೇಡವೇ ಎಂಬುದು ಅವತ್ತೇ ತೀರ್ಮಾನವಾಗುವುದಿತ್ತು. ಹೆಚ್ಚಿನ ಷೇರು ಎಂ.ಡಿ.ಯ ಮನೆಯವರ ಕೈಯಲ್ಲಿತ್ತು. ಬೆಳಿಗ್ಗೆ ಅತ್ತೆ ತಿಂಡಿ ಮುಟ್ಟಲಿಲ್ಲ.

"ಒಂದು ವಿಷಯ ಇದೆ. ಏನು ಅಂತ ಕೇಳಬೇಡ" ಎಂದರು ನನಗೆ. "ಎಲ್ಲರೂ ಒಪ್ಪಿದಾರೆ, ನನಗೊಬ್ಬಳಿಗೆ ಸರಿ ಕಾಣ್ತಿಲ್ಲ. ಬೇಡ ಅಂದ್ರೆ ಇದೇ ನನ್ನ ಕೊನೇ ಮೀಟಿಂಗು. ಏನ್ಮಾಡ್ಲಿ?"

ಉತ್ತರ ಗೊತ್ತಿಲ್ಲದೆ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನನಗೂ ಗೊತ್ತಿರಲಿಲ್ಲ. ಆದರೆ ಆ ಕಂಪನಿ ಮಂಚ ಬಿಟ್ಟರೆ ಬೇರೇನೂ ಮಾಡುವುದಿಲ್ಲವಲ್ಲ. "ಅದರ ಮೇಲೆ ಮಾವನ್ನ ಮಲಗಿಸ್ತೀರಾ?" ಎಂದೆ.

ಮಾವ ಪೇಪರ್ ಕೆಳಗಿಳಿಸಿ ಅತ್ತೆಯನ್ನೇ ನೋಡಿದರು. ಅತ್ತೆ ಚಪ್ಪಲಿ ಮೆಟ್ಟಿ ಹೊರಟರು.

ಮುಂದೆ ನಡೆದದ್ದನ್ನು ಈಗ ಕಂಪನಿಯವರೇ ಕೆಲಸಕ್ಕೆ ಸೇರುವ ಪ್ರತಿ ಇಂಜಿನಿಯರಿಗೂ ಹೇಳುತ್ತಾರೆ. ಇಲ್ಲದಿದ್ದರೆ ಅತ್ತೆಯ ಬಾಯಿಂದ ಒಂದಕ್ಷರ ಬೀಳುತ್ತಿರಲಿಲ್ಲ. ಮೀಟಿಂಗಿನ ಮೇಜಿನ ಪಕ್ಕದಲ್ಲಿ ಹೊಸ ಮಂಚ ನಿಂತಿತ್ತು. ರೋಗಿ ಉರುಳಿ ಬೀಳದಂತೆ ಪಕ್ಕದಲ್ಲಿ ಏರಿಸುವ ಕಂಬಿ; ಅವನೇ ತಪ್ಪಿ ತೆರೆಯಬಾರದೆಂದು ಅದಕ್ಕೆ ಎರಡು ಕೊಂಡಿ. ಎಂ.ಡಿ. ಎರಡನ್ನೂ ಒಟ್ಟಿಗೆ ಒತ್ತಿದರು, ಕಂಬಿ ಸದ್ದಿಲ್ಲದೆ ಇಳಿಯಿತು. ಎಲ್ಲರೂ ತಲೆದೂಗಿದರು. ದೊಡ್ಡ ಆಸ್ಪತ್ರೆಯೊಂದಕ್ಕೆ ನಾನೂರು ಮಂಚ ಕಳಿಸುವ ದಿನವೂ ನಿಗದಿಯಾಗಿತ್ತು.

"ಇದನ್ನ ಯಾರು ಪರೀಕ್ಷೆ ಮಾಡಿದ್ರು?" ಅತ್ತೆ ಕೇಳಿದರು.

"ನಮ್ಮ ಇಂಜಿನಿಯರುಗಳು. ಎರಡು ಸಾವಿರ ಸಲ."

ಅರವತ್ತಾರರ ಅತ್ತೆ ಚಪ್ಪಲಿ ಬಿಟ್ಟು ಮಂಚ ಹತ್ತಿ ಮಲಗಿ, ಕಂಬಿ ಏರಿಸಿಕೊಂಡರು. "ನನಗೆ ತಲೆ ಸುತ್ತುತ್ತಿದೆ, ಆ ಕಡೆಗೆ ಉರುಳ್ತಿದೀನಿ. ಹಿಡ್ಕೊಳ್ತೀರಾ?" ಎಂ.ಡಿ. ಭುಜ ಹಿಡಿದರು. "ಈಗ ಕಂಬಿ ಇಳಿಸ್ತೀರಾ?"

ಅವರು ಒಂದು ಕೊಂಡಿ ಒತ್ತಿದರು. ಇನ್ನೊಂದಕ್ಕೆ ಕೈ ಎಲ್ಲಿಂದ ತರುವುದು? ಮೊಣಕಾಲಿನಿಂದ ಪ್ರಯತ್ನಿಸಿದರು, ಗಲ್ಲದಿಂದಲೂ ಪ್ರಯತ್ನಿಸಿದರು. ಡೈರೆಕ್ಟರುಗಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಕೊನೆಗೆ ಅವರೂ ನಕ್ಕರು.

ಅತ್ತೆ ಮಲಗಿದಲ್ಲಿಂದಲೇ ಹೇಳಿದರು: "ನರ್ಸಿಗೆ ಕಂಬಿಗೆ ಅಂತ ಸಿಗೋದು ಒಂದೇ ಕೈ. ಇನ್ನೊಂದು ಯಾವಾಗಲೂ ರೋಗಿ ಮೇಲಿರುತ್ತೆ. ಎರಡು ದಿನ ಒದ್ದಾಡ್ತಾರೆ, ಮೂರನೇ ದಿನ ಕಂಬಿ ಏರಿಸೋದನ್ನೇ ಬಿಡ್ತಾರೆ. ಆಮೇಲೆ ಬೀಳೋರು ಯಾರು? ಈ ಮಂಚಕ್ಕೆ ನನ್ನ ಒಪ್ಪಿಗೆ ಇಲ್ಲ. ಹಾಗಂತಲೇ ಬರ್ಕೊಳ್ಳಿ."

ನಗು ನಿಂತಿತು. ಮುಂದೂಡುವುದಕ್ಕೆ ಯಾರ ಒಪ್ಪಿಗೆಯಿದೆ ಎಂದು ಅಧ್ಯಕ್ಷರು ಕೇಳಿದರು. ಎಂ.ಡಿ. ಅತ್ತೆಯ ಭುಜದಿಂದ ಕೈ ತೆಗೆಯಹೋದರು. "ಬಿಡಬೇಡಿ, ಇನ್ನೂ ಉರುಳ್ತಿದೀನಿ" ಎಂದರು ಅತ್ತೆ. ಅವರು ಹಿಡಿದದ್ದನ್ನು ಬಿಡದೆ ಇನ್ನೊಂದು ಕೈ ಎತ್ತಿದರು. ಅತ್ತೆಗೆ ಮತ್ತೆ ಮೂರು ವರ್ಷ ಎಂದು ಸೂಚಿಸಿದವರೂ ಎಂ.ಡಿ.ಯೇ. ಮಂಚಗಳು ಕೊಂಡಿ ಬದಲಾಯಿಸಿಕೊಂಡು ನಾಲ್ಕು ತಿಂಗಳು ತಡವಾಗಿ ಹೋದವು.

ಹೋದ ವರ್ಷ ನನ್ನ ಹೆರಿಗೆಯಾದದ್ದು ಅಂಥದ್ದೇ ಮಂಚದ ಮೇಲೆ. ಬೆಳಿಗ್ಗೆ ನರ್ಸ್ ನನ್ನನ್ನು ಎಬ್ಬಿಸಲು ಬಂದಳು. ಒಂದು ಕೈ ನನ್ನ ಬೆನ್ನಿಗೆ ಕೊಟ್ಟು, ಇನ್ನೊಂದರಿಂದ ಕಂಬಿಯನ್ನು ನೋಡದೆಯೇ ಇಳಿಸಿದಳು. ಮಗುವನ್ನು ಎತ್ತಿಕೊಂಡು ನಿಂತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಈ ಕಂಬಿ ಹೇಗಿದೆಯಮ್ಮಾ?"

"ಯಾವ ಕಂಬಿ?" ಎಂದಳು ನರ್ಸ್.

ಅತ್ತೆಯ ಮುಖ ಅಷ್ಟು ಅರಳಿದ್ದನ್ನು ನಾನು ಮೊಮ್ಮಗಳು ಹುಟ್ಟಿದಾಗಲೂ ನೋಡಿರಲಿಲ್ಲ.